ಸುಟ್ಟ ಕಾಡಿನ ಮರ ಕಡಿಯೋದು ಸರಿನಾ? (ಒರೆಗಾನ್, ಸರ್ಕಾರಿ ಕಾಡು)

ಬೀವರ್ಟನ್_ಬಿಸಿಬೇಳೆ
ಗೊತ್ತಿರೋರು ಸ್ವಲ್ಪ ಹೇಳಿ. ಕಳೆದ ಬೇಸಿಗೆಯಲ್ಲಿ ಇಲ್ಲಿನ ಒಂದು ನ್ಯಾಷನಲ್ ಫಾರೆಸ್ಟ್‌ನಲ್ಲಿ ದೊಡ್ಡ ಬೆಂಕಿ ಬಿತ್ತು. ಈಗ ಸುಟ್ಟ ಜಾಗದ ಮರಗಳನ್ನು ಕಡಿದು ಹರಾಜು ಹಾಕುವ ಪ್ರಸ್ತಾಪ ಬಂದಿದೆ. ಜನರ ಅಭಿಪ್ರಾಯ ಕೇಳಿದ್ದಾರೆ. ನಮ್ಮ ಟ್ರೆಕ್ಕಿಂಗ್ ಗುಂಪಿನಲ್ಲಿ ಇದರ ಮೇಲೆ ದೊಡ್ಡ ಜಗಳ. "ಸತ್ತ ಮರ ನಿಂತಿದ್ರೆ ಇನ್ನೊಂದು ಬೆಂಕಿಗೆ ಸೌದೆ" ಅಂತ ಅರ್ಧ ಜನ. "ಮುಟ್ಟಬೇಡಿ, ಕಾಡು ತಾನೇ ಎದ್ದೇಳುತ್ತೆ" ಅಂತ ಇನ್ನರ್ಧ. ನನಗೆ ಎರಡೂ ಸರಿ ಅನ್ನಿಸ್ತಿದೆ, ಅದೇ ತೊಂದರೆ. ಅಭಿಪ್ರಾಯ ಬರೆದು ಕಳಿಸಬೇಕು ಅಂತಿದ್ದೇನೆ. ಸುಮ್ನೆ "ಕಾಡು ಉಳಿಸಿ" ಅಂತ ಬರೆದ್ರೆ ಯಾರೂ ಓದಲ್ಲ ಅಲ್ವಾ? ಏನು ಬರೀಲಿ?

ಕಲ್ಲುಸಕ್ಕರೆ
ಸತ್ತ ಮರ ತಾನೇ? ಕಡೀಲಿ ಬಿಡಿ. ಕೊಳೆಯೋ ಬದಲು ಯಾರ ಮನೆಗಾದ್ರೂ ಬಾಗಿಲಾಗಲಿ.

ಪೊಟರೆ_ಗೂಬೆ
@ಕಲ್ಲುಸಕ್ಕರೆ, ಎಲ್ಲರೂ ಮೊದಲು ಹೇಳೋದು ಇದನ್ನೇ. ನಿಮ್ಮ ರಾಜ್ಯದಲ್ಲೇ ಇದಕ್ಕೆ ಒಳ್ಳೆ ಉದಾಹರಣೆ ಇದೆ, ಬಿಸಿಬೇಳೆ ಅವರೇ. 2002ರ ಬಿಸ್ಕಿಟ್ ಬೆಂಕಿ. ಹೆಸರು ಕೇಳಿ ನಗಬೇಡಿ. ನೈಋತ್ಯ ಒರೆಗಾನ್‌ನಲ್ಲಿ ಸಿಡಿಲಿನಿಂದ ಶುರುವಾಗಿ ಹತ್ತಿರ ಹತ್ತಿರ 5 ಲಕ್ಷ ಎಕರೆ ಸುತ್ತಿಕೊಂಡಿತು. ಆಮೇಲೆ ಸರ್ಕಾರ ದೊಡ್ಡ ಪ್ರಮಾಣದಲ್ಲಿ ಮರ ತೆಗೆಯೋ ಯೋಜನೆ ಹಾಕಿತು. ಕೋರ್ಟು, ಪ್ರತಿಭಟನೆ, ಎಲ್ಲ ಆಗಿ ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ ಮರ ಆಚೆ ಬಂತು.

ಆ ಜಾಗದಲ್ಲಿ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಡೊನಾಟೊ ಅನ್ನೋ ವಿದ್ಯಾರ್ಥಿ ಮತ್ತು ಅವರ ತಂಡ ಮೊಳಕೆ ಎಣಿಸಿದರು. ಕಡಿಯೋ ಮೊದಲು ಒಂದು ಸಲ, ಕಡಿದ ಮೇಲೆ ಇನ್ನೊಂದು ಸಲ. ಬೆಂಕಿ ಬಿದ್ದ ಎರಡು ವರ್ಷದಲ್ಲಿ, ಯಾರೂ ನೆಡದೆ, ಹೆಕ್ಟೇರಿಗೆ 767ರಷ್ಟು ಸೂಚಿಪರ್ಣಿ (ಪೈನ್ ಥರ ಸೂಜಿ ಎಲೆಯ ಮರ) ಸಸಿ ಬಂದಿದ್ದವು. ಮರ ತೆಗೆದ ಕಡೆ 224. ಕಾರಣ ಸರಳ. ಮೊಳಕೆ ಮೊದಲೆರಡು ವರ್ಷದಲ್ಲೇ ಬಂದುಬಿಡುತ್ತೆ. ಯೋಜನೆ, ಹರಾಜು, ಗುತ್ತಿಗೆ ಅಂತ ಮುಗಿದು ಗರಗಸ ಬರೋ ಹೊತ್ತಿಗೆ ಅದು ಬೆರಳುದ್ದ ಇರುತ್ತೆ. ದಿಮ್ಮಿ ಎಳೆಯುವಾಗ ಎಲ್ಲ ಅರೆದುಹೋಗುತ್ತೆ. ಇನ್ನು ಕಡಿದ ರೆಂಬೆ, ತುದಿ ಎಲ್ಲ ನೆಲದ ಮೇಲೇ ಬಿಟ್ಟು ಹೋಗ್ತಾರೆ. ನಿಂತಿದ್ದಾಗ ಅದು ಗಾಳಿಯಲ್ಲಿತ್ತು, ಈಗ ನೆಲದ ಮೇಲೆ ಒಣ ಸೌದೆ. ಬೆಂಕಿ ಅಪಾಯ ಕಡಿಮೆ ಮಾಡ್ತೀವಿ ಅಂತ ಹೋಗಿ ಕೆಲವು ವರ್ಷ ಜಾಸ್ತಿ ಮಾಡಿದ ಹಾಗಾಯ್ತು.

ಇದು 2006ರ ಜನವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು.

ಸಾಮಿಲ್_ಸದ್ದು
ಬಂತು, ಸರಿ. ಪೂರ್ತಿ ಕಥೆ ಹೇಳಿ. ನಮ್ಮ ಮನೆಯಲ್ಲಿ ಎರಡು ತಲೆಮಾರು ಟಿಂಬರ್ ವ್ಯಾಪಾರ, ನಾನೂ ಯೂಜೀನ್ ಹತ್ತಿರ ಅದೇ ಲೈನ್‌ನಲ್ಲಿದ್ದೇನೆ. ಹಾಗಾಗಿ ನನ್ನ ಮಾತು ಪಕ್ಷಪಾತ ಅಂತ ಮೊದಲೇ ಇಟ್ಟುಕೊಳ್ಳಿ.

ಆ ಅಧ್ಯಯನ ಎರಡೇ ವರ್ಷದ ಲೆಕ್ಕ. ಎರಡು ವರ್ಷದ ಸಸಿ ಎಣಿಸಿ ನೂರು ವರ್ಷದ ಕಾಡಿನ ಬಗ್ಗೆ ತೀರ್ಪು ಕೊಡೋಕೆ ಆಗುತ್ತಾ? ಕಡಿದ ಮೇಲೆ ನೆಡ್ತಾರಲ್ಲ, ಅದನ್ನ ಲೆಕ್ಕಕ್ಕೆ ತಗೊಳ್ಳೋದು ಬೇಡ್ವಾ? 2015ರಲ್ಲಿ ಪೀಟರ್ಸನ್ ಮತ್ತು ಜೊತೆಯವರು ಒರೆಗಾನ್, ವಾಷಿಂಗ್ಟನ್ನಿನ ಪೂರ್ವ ಭಾಗದ ಹಳೇ ಬೆಂಕಿ ಜಾಗಗಳನ್ನ ನೋಡಿದ್ದಾರೆ. ಮೊದಲು ಕೆಲವು ವರ್ಷ ಕಡಿದ ಕಡೆ ನೆಲದ ಮೇಲೆ ಸೌದೆ ಜಾಸ್ತಿ, ನಿಜ. ಆಮೇಲೆ ತಿರುಗುತ್ತೆ. ಕಡಿಯದ ಕಡೆ ನಿಂತ ಮರಗಳು ಒಂದೊಂದಾಗಿ ಬಿದ್ದು ದಪ್ಪ ದಿಮ್ಮಿಗಳ ರಾಶಿ ಆಗುತ್ತೆ. ಕಡಿದ ಕಡೆ ಅದು ಕಡಿಮೆ, 40 ವರ್ಷದ ತನಕ ಈ ವ್ಯತ್ಯಾಸ ಕಂಡಿದೆ.

ಇನ್ನೊಂದು, ಸುಟ್ಟ ಮರ ಕಾಯಲ್ಲ. ಮೊದಲ ವರ್ಷವೇ ನೀಲಿ ಬಣ್ಣ ಹತ್ತುತ್ತೆ, ಆಮೇಲೆ ಹುಳ, ಸೀಳು. ಸಣ್ಣ ಮರ ಎರಡು ವರ್ಷದಲ್ಲಿ ಸೌದೆ ಬೆಲೆಗೆ ಇಳಿಯುತ್ತೆ. ಅದಕ್ಕೇ ಅವಸರ. ದುರಾಸೆ ಅಂತ ಸುಮ್ನೆ ಹೇಳಬೇಡಿ.

ಪ್ರಶ್ನೆಪತ್ರಿಕೆ
ಉರಿಯೋ ಮನೇಲಿ ಗಳ ಹಿರಿಯೋದು ಅಂದ್ರೆ ಇದೇ.

ಸಾಮಿಲ್_ಸದ್ದು
ಬೆಂಕಿ ಆರಿದ ಮೇಲೆ ತಾನೇ ಹಿರೀತಿರೋದು ಸ್ವಾಮಿ 😄

ಪೊಟರೆ_ಗೂಬೆ
ಪೂರ್ತಿ ಕಥೆ ಬೇಕು ಅಂದ್ರಲ್ಲ, ತಗೊಳ್ಳಿ. ಆ ಲೇಖನ ಅಚ್ಚಾಗೋ ಮೊದಲೇ ಅದೇ ಕಾಲೇಜಿನ ಕೆಲವು ಪ್ರೊಫೆಸರ್‌ಗಳು ಪತ್ರಿಕೆಗೆ ಪತ್ರ ಬರೆದು, ಪ್ರಕಟಣೆ ತಡೆಹಿಡಿಯಿರಿ ಅಂದರು. ಪತ್ರಿಕೆ ಕೇಳಲಿಲ್ಲ. ಸಂಶೋಧನೆಗೆ ಕಾಸು ಕೊಡ್ತಿದ್ದ ಕೇಂದ್ರದ ಭೂ ಇಲಾಖೆ (ಬಿಎಲ್‌ಎಂ) ಅದನ್ನ ನಿಲ್ಲಿಸಿ, ಗಲಾಟೆ ಆದ ಮೇಲೆ ಮತ್ತೆ ಕೊಟ್ಟಿತು. ಒಬ್ಬ ವಿದ್ಯಾರ್ಥಿ ಸಸಿ ಎಣಿಸಿದ್ದಕ್ಕೆ ಇಷ್ಟು!

ನೆಡ್ತಾರಲ್ಲ ಅಂದ್ರಿ. ಅದೇ ಬಿಸ್ಕಿಟ್ ಜಾಗದಲ್ಲಿ 1987ರಲ್ಲಿ ಸಿಲ್ವರ್ ಬೆಂಕಿ ಆಗಿತ್ತು. ಆಗ ಕೆಲವು ಕಡೆ ಸುಟ್ಟ ಮರ ತೆಗೆದು ಹೊಸದಾಗಿ ನೆಟ್ಟರು. ಕೆಲವು ಕಡೆ ಹಾಗೇ ಬಿಟ್ಟರು. 15 ವರ್ಷ ಆದ ಮೇಲೆ ಮತ್ತೆ ಬೆಂಕಿ ಬಂತಲ್ಲ, ಯಾವುದು ಜಾಸ್ತಿ ಸುಟ್ಟಿತು? ಕಡಿದು ನೆಟ್ಟ ಜಾಗ. ಇದು 2007ರಲ್ಲಿ ಥಾಂಪ್ಸನ್ ಮತ್ತು ತಂಡದವರ ಕೆಲಸ. ಒಂದೇ ವಯಸ್ಸಿನ ಗಿಡ್ಡ ಗಿಡಗಳು ಒತ್ತೊತ್ತಾಗಿ ನಿಂತಿದ್ರೆ ಬೆಂಕಿಗೆ ಹಬ್ಬ.

ಸಾಮಿಲ್_ಸದ್ದು
ಅದು ನೆಡುತೋಪಿನ ತಪ್ಪಾ, ಕಡಿದದ್ದರ ತಪ್ಪಾ? ಎರಡನ್ನೂ ಬೇರೆ ಮಾಡಿ ನೋಡಿಲ್ಲ ಅವರು.

ಪೊಟರೆ_ಗೂಬೆ
ಒಪ್ಪಿದೆ. ಆದ್ರೆ ನೀವೇ ತಾನೇ ಕಡಿಯೋದು, ನೆಡೋದು ಎರಡನ್ನೂ ಒಂದೇ ಪ್ಯಾಕೇಜ್ ಅಂದದ್ದು?

ಗುಂಡ್ಲುಪೇಟೆ_ಗಾಳಿ
ಅಮೆರಿಕದ ವಿಷಯ ಗೊತ್ತಿಲ್ಲ. 2019ರ ಫೆಬ್ರವರಿ ನೆನಪಿದೆ. ಗೋಪಾಲಸ್ವಾಮಿ ಬೆಟ್ಟದ ಸುತ್ತ ಬಂಡೀಪುರ ಹೊತ್ತಿಕೊಂಡಾಗ ಸುಮಾರು 10 ಸಾವಿರ ಎಕರೆ ಹೋಯ್ತು. ವಾಯುಪಡೆ ಹೆಲಿಕಾಪ್ಟರ್ ಬಂದು ನೀರು ಸುರಿಯಿತು. ನಮ್ಮೂರಿನಿಂದ ಹುಡುಗರು ಹಸಿ ಸೊಪ್ಪಿನ ಗೊಂಚಲು ಹಿಡ್ಕೊಂಡು ಹೋಗಿ ಬಡಿದರು. ಆಗ ಫೇಸ್‌ಬುಕ್ ತುಂಬ "ಬಂಡೀಪುರ ಸತ್ತೇ ಹೋಯ್ತು" ಅಂತ ಪೋಸ್ಟು. ಮಳೆ ಬಂದ ಮೇಲೆ ಹೋಗಿ ನೋಡಿದ್ರೆ ಕರಿ ನೆಲದ ಮೇಲೆ ಹಸಿರು ಹುಲ್ಲು, ಅದನ್ನ ಮೇಯ್ತಾ ಜಿಂಕೆ ಹಿಂಡು. ಅಲ್ಲೇನಾದ್ರೂ "ಸುಟ್ಟ ಮರ" ಅಂತ ಕಡಿಯೋಕೆ ಹೋಗಿದ್ರೆ ಅರ್ಧಕ್ಕರ್ಧ ಬದುಕಿರೋ ಮರಾನೇ ಹೋಗ್ತಿತ್ತು.

ಮಲೆನಾಡ_ಗಿಡ್ಡ
ಎರಡು ಬೆಂಕಿ ಬೇರೆ ಬೇರೆ. ಬಂಡೀಪುರದಲ್ಲಿ ಉರಿಯೋದು ನೆಲದ ಬೆಂಕಿ. ಹುಲ್ಲು, ತರಗು, ಲಂಟಾನ. ಮತ್ತಿ, ದಿಂಡಿಗ, ಹೊನ್ನೆ ಇವಕ್ಕೆ ದಪ್ಪ ತೊಗಟೆ ಇದೆ, ಸಾವಿರಾರು ವರ್ಷದಿಂದ ಬೆಂಕಿ ನೋಡಿರೋ ಮರಗಳು. ಬುಡ ಕಪ್ಪಾದ್ರೂ ಮೇಲೆ ಚಿಗುರುತ್ತವೆ. ಒರೆಗಾನ್‌ನಲ್ಲಿ ಬೆಂಕಿ ಮರದ ತುದಿಗೆ ಹತ್ತಿ ತುದಿಯಿಂದ ತುದಿಗೆ ಓಡುತ್ತೆ, ಗುಡ್ಡಕ್ಕೆ ಗುಡ್ಡವೇ ಸಾಯೋದು ನಿಜ. ಇಲ್ಲಿಯದನ್ನ ಅಲ್ಲಿಗೆ ಅಂಟಿಸೋದು ಬೇಡ.

ಬೆಂಕಿ ಅಂದ ತಕ್ಷಣ ಕೆಟ್ಟದ್ದು ಅಂತಲೂ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಶುರುವಲ್ಲೇ "ತರಗು ಬೆಂಕಿ" ಹಾಕ್ತಿದ್ದರು. ಇಬ್ಬನಿ ಇನ್ನೂ ಇರೋ ಹೊತ್ತಲ್ಲಿ, ಸಣ್ಣಗೆ. ಅದನ್ನ ನಿಲ್ಲಿಸಿದ ಮೇಲೆ ಲಂಟಾನ ಆಳೆತ್ತರ ಬೆಳೀತು, ನೆಲ್ಲಿ ಮರಕ್ಕೆ ಬಂದಳಿಕೆ ಜಾಸ್ತಿ ಆಯ್ತು ಅಂತ ಅವರೇ ಹೇಳ್ತಾರೆ. ಈಗ ಬೆಂಕಿ ಬಿದ್ರೆ ಆ ಲಂಟಾನದಿಂದಲೇ ಮೇಲಕ್ಕೆ ಏರುತ್ತೆ.

ಕಲ್ಲುಸಕ್ಕರೆ
ನಮ್ಮಲ್ಲಿ ಒಣಮರ ತೆಗೆಯೋಕೆ ಇಲಾಖೆ ಟೆಂಡರ್ ಕರೀತಿತ್ತಲ್ಲ? ನಮ್ಮ ತಾತನ ಕಾಲದಲ್ಲಿ ಸೌದೆ ಡಿಪೋ ತುಂಬ ಅದೇ.

ಪೊಟರೆ_ಗೂಬೆ
ಇಲ್ಲೇ ಇರೋದು ಸ್ವಾರಸ್ಯ. 2000ನೇ ಇಸವಿ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ಗೋದಾವರ್ಮನ್ ಮೊಕದ್ದಮೆಯಲ್ಲಿ ಒಂದು ಆದೇಶ ಕೊಟ್ಟಿದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ ಮರ, ಸಾಯ್ತಿರೋ ಮರ, ರೋಗ ಬಂದ ಮರ, ಗಾಳಿಗೆ ಬಿದ್ದ ಮರ, ಹೊಳೆಯಲ್ಲಿ ತೇಲಿ ಬಂದ ಕಟ್ಟಿಗೆ, ಹುಲ್ಲು, ಯಾವುದನ್ನೂ ತೆಗೆಯೋ ಹಾಗಿಲ್ಲ ಅಂತ. ಅಂದ್ರೆ ಅಮೆರಿಕದಲ್ಲಿ ಪ್ರತಿ ಬೆಂಕಿ ಆದ ಮೇಲೂ ಹೊಸದಾಗಿ ಜಗಳ ಆಡೋ ವಿಷಯದಲ್ಲಿ ನಮ್ಮಲ್ಲಿ ಒಂದೇ ಆದೇಶಕ್ಕೆ ಬಾಗಿಲು ಹಾಕಿದ್ದಾರೆ. ವ್ಯಾಲೆಂಟೈನ್ಸ್ ಡೇ ದಿನ, ಅದೂ!

ಮಲೆನಾಡ_ಗಿಡ್ಡ
ಉದ್ಯಾನ ಮತ್ತು ಅಭಯಾರಣ್ಯಕ್ಕೆ ಮಾತ್ರ. ಸುತ್ತಲಿನ ಮೀಸಲು ಅರಣ್ಯಕ್ಕೆ ಆ ಆದೇಶ ಅನ್ವಯ ಆಗಲ್ಲ. ಇದನ್ನ ಸೇರಿಸದೆ ಫಾರ್ವರ್ಡ್ ಮಾಡಬೇಡಿ ದಯವಿಟ್ಟು.

ಗುಂಡ್ಲುಪೇಟೆ_ಗಾಳಿ
ಬಾಗಿಲು ಹಾಕಿದ್ದಾರೆ ಅಂತ ಖುಷಿ ಪಡೋರು ಕಾಡಂಚಿನಲ್ಲಿ ಮನೆ ಮಾಡಿ ನೋಡಿ. ಕಂಟ್ರಾಕ್ಟರ್‌ಗೆ ಬೀಗ ಹಾಕಿದ್ದು ಒಳ್ಳೇದು, ಒಪ್ಪಿದೆ. ಆದ್ರೆ ನಮ್ಮಜ್ಜಿ ಒಂದು ಹೊರೆ ಪುಳ್ಳೆ ತಂದ್ರೆ ಗಾರ್ಡು ಮಚ್ಚು ಕಿತ್ಕೊಂಡಿದ್ದ. ದೊಡ್ಡ ಲಾರಿ ಮತ್ತು ಅಜ್ಜಿಯ ಹೊರೆ ಒಂದೇ ಅಲ್ಲ.

ಪೊಟರೆ_ಗೂಬೆ
ಅದು ನ್ಯಾಯವಾದ ಮಾತು. ವನ್ಯಜೀವಿ ಕಾಯ್ದೆಯ 29ನೇ ಕಲಂನಲ್ಲೂ ಆ ವ್ಯತ್ಯಾಸ ಇದೆ. ಕಾಡಿನ ಒಳ್ಳೇದಕ್ಕೆ ಅಂತ ಏನಾದ್ರೂ ತೆಗೆದ್ರೆ ಅದು ಅಕ್ಕಪಕ್ಕದ ಜನರ ಸ್ವಂತ ಬಳಕೆಗೆ ಹೋಗಬಹುದು, ವ್ಯಾಪಾರಕ್ಕೆ ಹೋಗಬಾರದು. ಕಾಗದದ ಮೇಲಾದ್ರೂ ಇದೆ.

ಮೆಲ್ಬರ್ನ್_ಮಂಡಕ್ಕಿ
ಆಸ್ಟ್ರೇಲಿಯಾದಿಂದ ಹಾಜರಿ. ಇಲ್ಲಿ ವಿಕ್ಟೋರಿಯಾದಲ್ಲಿ 1939ರಲ್ಲಿ ಭಾರಿ ಬೆಂಕಿ ಬಿದ್ದು, ಆಮೇಲೆ ವರ್ಷಗಟ್ಟಲೆ ಸುಟ್ಟ ಮೌಂಟನ್ ಆಶ್ ಮರಗಳನ್ನ ಎಳೆದು ಹಾಕಿದರು. ಅದು ನೀಲಗಿರಿ ಜಾತಿಯೇ, ಆದ್ರೆ ನಮ್ಮೂರ ರಸ್ತೆ ಬದಿ ನೀಲಗಿರಿ ಅಂದ್ಕೋಬೇಡಿ, ಪ್ರಪಂಚದಲ್ಲೇ ಅತಿ ಎತ್ತರದ ಹೂಬಿಡುವ ಮರ. ಇದರಲ್ಲಿ ಪೊಟರೆ ಆಗೋಕೆ ನೂರಕ್ಕೂ ಜಾಸ್ತಿ ವರ್ಷ ಬೇಕು. ಲೆಡ್‌ಬೀಟರ್ಸ್ ಪೊಸಮ್ ಅಂತ ಒಂದು ಪುಟ್ಟ ಪ್ರಾಣಿ, ವಿಕ್ಟೋರಿಯಾದ ರಾಜ್ಯ ಪ್ರಾಣಿ. ಅದಕ್ಕೆ ಇರೋಕೆ ಪೊಟರೆಯೇ ಬೇಕು, ಸತ್ತ ಮರದ್ದಾದ್ರೂ ಸರಿ. 1939ರ ಸತ್ತ ಮರಗಳನ್ನ ತೆಗೆದದ್ದರ ಕೊರತೆ ದಶಕಗಳಾದ ಮೇಲೆ ಕಾಣಿಸ್ತು. 2009ರಲ್ಲಿ ಮತ್ತೆ ಬೆಂಕಿ. ಕೊನೆಗೆ 2024ರ ಜನವರಿ 1ರಿಂದ ಸರ್ಕಾರಿ ನೈಸರ್ಗಿಕ ಕಾಡಿನಲ್ಲಿ ನಾಟಾ ಕಡಿಯೋದನ್ನೇ ರಾಜ್ಯ ನಿಲ್ಲಿಸಿದೆ.

ಪ್ರಶ್ನೆಪತ್ರಿಕೆ
ಪೊಸಮ್ ನಮ್ಮ ಛಾವಣಿ ಮೇಲೆ ರಾತ್ರಿ ಇಡೀ ಕುಣಿಯುತ್ತಲ್ಲ, ಅದೇನಾ? ಅದಕ್ಕೆ ಪೊಟರೆ ಬೇಡ, ನಮ್ಮ ಅಟ್ಟ ಸಾಕು.

ಮೆಲ್ಬರ್ನ್_ಮಂಡಕ್ಕಿ
ಅದು ಬೇರೆ ಜಾತಿ ಮಾರಾಯ. ಲೆಡ್‌ಬೀಟರ್ಸ್ ಅಂಗೈಯಲ್ಲಿ ಕೂರುತ್ತೆ.

ಕಾಫಿಪುಡಿ_ಚಿಕ್ಕಮಗಳೂರು
ಸ್ವಲ್ಪ ವಿಷಯಾಂತರ. ಸುಟ್ಟ ಕಾಡಿನ ಪಕ್ಷಿ ಫೋಟೋ ತೆಗೆಯೋಕೆ ಕ್ಯಾಲಿಫೋರ್ನಿಯಾದ ಸಿಯೆರಾ ಕಡೆ ಹೋಗಿದ್ದೆ. ಬ್ಲಾಕ್-ಬ್ಯಾಕ್ಡ್ ಮರಕುಟಿಗ ಹುಡುಕಿಕೊಂಡು. ಬೆನ್ನು ಪೂರ್ತಿ ಕಪ್ಪು, ಇದ್ದಿಲಾದ ಕಾಂಡದ ಮೇಲೆ ಕೂತ್ರೆ ಕಾಣೋದೇ ಇಲ್ಲ. ಗಂಡಿಗೆ ನೆತ್ತಿ ಮೇಲೆ ಹಳದಿ ಬೊಟ್ಟು, ಅದು ಅಲ್ಲಾಡಿದಾಗ ಮಾತ್ರ ಸಿಗುತ್ತೆ. ಕಾಂಡಕ್ಕೆ ಕಿವಿ ಇಟ್ಟು ಕೇಳಿ ಅಂದರು ಜೊತೆಗಿದ್ದವರು. ನಿಜವಾಗಿ ಕೇಳಿಸುತ್ತೆ, ಒಳಗೆ ಹುಳ ಕರಕರ ಮರ ಕಡಿಯೋದು. ಆ ಹುಳಕ್ಕೇ ಈ ಹಕ್ಕಿ ಬರೋದು. ಬೆಂಕಿಯ ಬಿಸಿಯನ್ನ ಮೈಯಲ್ಲಿರೋ ಅಂಗದಿಂದಲೇ ಗುರುತಿಸಿ ಹಾರಿ ಬರೋ ಜೀರುಂಡೆಗಳೂ ಇವೆ, ಹೊಗೆ ಆರೋ ಮೊದಲೇ ಮೊಟ್ಟೆ ಇಡೋಕೆ ಬರ್ತವೆ. ಕೆಲವು ವರ್ಷ ಆದ ಮೇಲೆ ಹುಳ ಕಡಿಮೆ, ಹಕ್ಕಿ ಬೇರೆ ಸುಟ್ಟ ಕಾಡಿಗೆ. ಅಂದ್ರೆ ಸಾಮಿಲ್ ಅವರು ಅವಸರ ಅಂದ ಆ ಎರಡು ಮೂರು ವರ್ಷವೇ ಇದಕ್ಕೂ ಬೇಕಿರೋದು.

ಕಲ್ಲುಸಕ್ಕರೆ
ಲೆನ್ಸ್ ಯಾವುದು?

ಕಾಫಿಪುಡಿ_ಚಿಕ್ಕಮಗಳೂರು
100-400. ಕೈ ನೋವು ಉಚಿತ.

ಬೀವರ್ಟನ್_ಬಿಸಿಬೇಳೆ
ಅಬ್ಬಾ, ಇಷ್ಟು ಉತ್ತರ! ಒಂದು ಮುಖ್ಯ ಅನುಮಾನ. 2020ರ ಲೇಬರ್ ಡೇ ಬೆಂಕಿಯಲ್ಲಿ ಡೆಟ್ರಾಯಿಟ್, ಬ್ಲೂ ರಿವರ್ ಅಂತಹ ಊರುಗಳೇ ಹೋದವು, ಗೊತ್ತಿರಬಹುದು. ಆಮೇಲೆ ಆ ರಸ್ತೆಗಳಲ್ಲಿ ಓಡಾಡುವಾಗ ಸುಟ್ಟ ಮರ ಕಾರಿನ ಮೇಲೆ ಬೀಳುತ್ತೇನೋ ಅಂತ ನಿಜವಾಗ್ಲೂ ಭಯ ಆಗ್ತಿತ್ತು. ಅದನ್ನೂ ಕಡಿಯಬಾರದಾ?

ಹೊಳೆದಂಡೆ
ಕಡಿಯಲೇಬೇಕು. ಅದನ್ನ ಬೇಡ ಅನ್ನೋರು ಯಾರೂ ಇಲ್ಲ. ಜಗಳ ಇರೋದು "ರಸ್ತೆ ಬದಿ" ಅಂದ್ರೆ ಎಷ್ಟು ಅನ್ನೋದರಲ್ಲಿ. ನಾನು ಇಲ್ಲಿ ಪರಿಸರ ಕಾನೂನು ಓದಿದ್ದೇನೆ, ಎರಡು ಕೇಸು ಹೇಳ್ತೀನಿ.

ಒಂದು, ಕ್ಯಾಲಿಫೋರ್ನಿಯಾದ ಮೆಂಡೊಸಿನೊ ನ್ಯಾಷನಲ್ ಫಾರೆಸ್ಟ್. 2018ರ ರ‍್ಯಾಂಚ್ ಬೆಂಕಿ ಆದ ಮೇಲೆ ರಸ್ತೆಯ ಎರಡೂ ಕಡೆ 200 ಅಡಿ ತನಕ ಮರ ಮಾರೋಕೆ ಹೊರಟರು. ಪರಿಸರ ಪರಿಶೀಲನೆ ಬೇಡ, ಇದು "ರಸ್ತೆ ರಿಪೇರಿ" ಅಂದರು. 200 ಅಡಿ ದೂರದಲ್ಲಿರೋ, ರಸ್ತೆ ತನಕ ಬೀಳೋಕೇ ಆಗದ ಮರ ಯಾವ ರಿಪೇರಿ? 2020ರಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ಕೋರ್ಟ್ ಅದನ್ನೇ ಹೇಳಿತು, ಇದು ರಿಪೇರಿ ಅಲ್ಲ.

ಎರಡು, ನಿಮ್ಮ ಒರೆಗಾನ್‌ನದೇ. 2020ರ ಬೆಂಕಿ ಆದ ಮೇಲೆ ವಿಲಾಮೆಟ್ ನ್ಯಾಷನಲ್ ಫಾರೆಸ್ಟ್‌ನಲ್ಲಿ ಸುಮಾರು 400 ಮೈಲಿ ರಸ್ತೆಯ ಬದಿ ಮರ ತೆಗೆಯೋಕೆ ಇದೇ ದಾರಿ ಹಿಡಿದರು. 2021ರ ನವೆಂಬರ್‌ನಲ್ಲಿ ಫೆಡರಲ್ ಜಡ್ಜ್ ತಡೆ ಕೊಟ್ಟರು. ಅದರಲ್ಲಿ ಎಷ್ಟೋ ರಸ್ತೆ ಹೆದ್ದಾರಿ ಅಲ್ಲ, ಹಳೇ ಲಾಗಿಂಗ್ ರಸ್ತೆ. ವಾಹನ ಓಡಾಡೋದೇ ಅಪರೂಪ.

ಸಾಮಿಲ್_ಸದ್ದು
ಆ ಹಳೇ ರಸ್ತೆಯಲ್ಲೇ ಮುಂದಿನ ಬೆಂಕಿಗೆ ಫೈರ್ ಎಂಜಿನ್ ಹೋಗಬೇಕು. ಮರ ಬಿದ್ದು ದಾರಿ ಮುಚ್ಚಿದ್ರೆ?

ಹೊಳೆದಂಡೆ
ಹಾಗಾದ್ರೆ ಯಾವ ರಸ್ತೆ ಬೆಂಕಿ ಕೆಲಸಕ್ಕೆ ಬೇಕು ಅಂತ ಪಟ್ಟಿ ಮಾಡಿ, ಪರಿಶೀಲನೆ ಮಾಡಿ, ಕಡಿಯಲಿ. ನಕ್ಷೆಯಲ್ಲಿರೋ ಎಲ್ಲ ರಸ್ತೆಗೂ ಒಂದೇ ರೂಲು ಯಾಕೆ? 1995ರಲ್ಲೂ ಇದೇ ತಂತ್ರ. ಬಜೆಟ್ ಕಡಿತದ ಮಸೂದೆಗೆ ಬಾಲ ಕಟ್ಟಿ "ಸಾಲ್ವೇಜ್ ರೈಡರ್" ತಂದರು. ಸತ್ತ ಮರ, ಸಾಯಬಹುದಾದ ಮರ ಅಂತ ಹೆಸರು ಹಾಕಿ ಮಾರಿದ್ರೆ ಕೋರ್ಟಿಗೆ ಹೋಗೋ ದಾರಿಯೇ ಬಹುಮಟ್ಟಿಗೆ ಬಂದ್. ಕ್ಲಿಂಟನ್ ಸಹಿ ಹಾಕಿದರು. "ಸಾಯಬಹುದಾದ ಮರ" ಅಂದ್ರೆ ಯಾವುದು ಸ್ವಾಮಿ? ನಾನೂ ಸಾಯಬಹುದಾದವನೇ.

ಪ್ರಶ್ನೆಪತ್ರಿಕೆ
ಮರ ಬೇಕು ಅಂತ ಬೆಂಕಿ ಹಚ್ಚೋರೂ ಇರ್ತಾರಲ್ಲ?

ಹೊಳೆದಂಡೆ
ಆ ಅನುಮಾನದ ಮೇಲೇ ಒಂದು ದೊಡ್ಡ ಹೋರಾಟ ಆಗಿದೆ. 1991ರಲ್ಲಿ ಓಕ್‌ರಿಡ್ಜ್ ಹತ್ತಿರ ವಾರ್ನರ್ ಕ್ರೀಕ್ ಬೆಂಕಿ. ಯಾರೋ ಬೇಕಂತ ಹಚ್ಚಿದ್ದು. ಸುಟ್ಟದ್ದು ಮಚ್ಚೆ ಗೂಬೆಗೆ ಅಂತ ಕಾಯ್ದಿಟ್ಟ ಹಳೇ ಕಾಡು. ಅದನ್ನೂ ಮಾರಿದ್ರೆ ಬೆಂಕಿ ಹಚ್ಚೋರಿಗೆ ಬಹುಮಾನ ಕೊಟ್ಟ ಹಾಗೆ ಅಂತ ಜನ ಸಿಟ್ಟಾದರು. ರೈಡರ್ ಬಂದ ಮೇಲೆ 1995ರಲ್ಲಿ ಕಾಡಿನ ರಸ್ತೆಯಲ್ಲೇ ಗುಂಡಿ ತೋಡಿ, ಮರದ ಕೋಟೆ ಕಟ್ಟಿ ಕೂತರು. ಚಳಿಗಾಲದ ಹಿಮದಲ್ಲೂ ಏಳಲಿಲ್ಲ. 1996ರಲ್ಲಿ ಆ ಮಾರಾಟ ರದ್ದಾಯ್ತು.

ಮಲೆನಾಡ_ಗಿಡ್ಡ
ನಮ್ಮ ಶಿರಸಿ ಕಡೆ 1983ರ ಅಪ್ಪಿಕೋ ನೆನಪಾಯ್ತು. ಸಾಲ್ಕಣಿ ಜನ ಕಾಡಿಗೆ ನಡೆದು ಹೋಗಿ ಮರ ಅಪ್ಪಿ ನಿಂತದ್ದು. ಅಲ್ಲೂ ಒಂದು ದೂರು ಇದೇ: ಗುರುತು ಹಾಕಿದ ಒಂದು ಮರ ಬೀಳಿಸೋಕೆ ಸುತ್ತಲಿನ ಎಷ್ಟೋ ಮರ ಹಾಳು. ಆದ್ರೆ ಅದು ಹಸಿ ಮರ. ಕರಕಲು ಮರ ಅಪ್ಪಿಕೊಂಡ್ರೆ ಅಂಗಿ ಗತಿ?

ಸಾಮಿಲ್_ಸದ್ದು
ಎಲ್ಲರೂ ನನ್ನನ್ನೇ ಖಳನಾಯಕ ಮಾಡ್ತಿದ್ದೀರಿ. ಕಾಸಿನ ಮಾತು ಯಾರೂ ಎತ್ತಲಿಲ್ಲ. ನ್ಯಾಷನಲ್ ಫಾರೆಸ್ಟ್‌ಗೆ ಆಸ್ತಿ ತೆರಿಗೆ ಇಲ್ಲ. ಅದರ ಬದಲಿಗೆ 1908ರ ಕಾನೂನಿನಲ್ಲಿ ಮರ ಮಾರಿದ ಆದಾಯದ 25% ಆ ಕೌಂಟಿಯ (ನಮ್ಮ ಜಿಲ್ಲೆ ಥರ) ರಸ್ತೆಗೆ, ಶಾಲೆಗೆ ಅಂತ ಇಟ್ಟರು. ಮರ ಕಡಿಯೋದು ಕಡಿಮೆ ಆಯ್ತು, ಶಾಲೆಗೆ ದುಡ್ಡೂ ಕಡಿಮೆ ಆಯ್ತು. ಬೀವರ್ಟನ್‌ನಲ್ಲಿ ಚಿಪ್ ಕಂಪನಿ ಸಂಬಳ ತಗೊಳ್ಳೋರಿಗೆ ಇದು ಕಾಣಲ್ಲ. ಮಿಲ್ ಮುಚ್ಚಿದ ಊರಲ್ಲಿ ಒಂದು ದಿನ ಇದ್ದು ನೋಡಿ.

ಪೊಟರೆ_ಗೂಬೆ
ಇದು ಈ ಚರ್ಚೆಯ ಗಟ್ಟಿ ಮಾತು, ತಳ್ಳಿಹಾಕಲ್ಲ. ಆದ್ರೆ ಆ ನಂಟನ್ನ ಬಿಡಿಸೋಕೆ ಅಂತಲೇ 2000ದಲ್ಲಿ ಸೆಕ್ಯೂರ್ ರೂರಲ್ ಸ್ಕೂಲ್ಸ್ ಕಾಯ್ದೆ ತಂದು ಬೇರೆ ಕಡೆಯಿಂದ ಹಣ ಕೊಟ್ಟರು. ಅದನ್ನ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಆಗಾಗ ನವೀಕರಿಸದೆ ಒಣಗಿಸುತ್ತೆ, ಅದು ಕಾಂಗ್ರೆಸ್ಸಿನ ತಪ್ಪು. ಊರಿನ ಶಾಲೆ ನಡೀಬೇಕು ಅಂದ್ರೆ ಕಾಡು ಸುಡಬೇಕು ಅನ್ನೋ ಲೆಕ್ಕ ಸರಿನಾ? ಖಾಸಗಿ ಜಮೀನಿನಲ್ಲಿ ಸುಟ್ಟ ಮರ ಬೇಕಾದಷ್ಟು ಇತ್ತು 2020ರಲ್ಲಿ, ಅದನ್ನ ಯಾರೂ ತಡೆಯಲಿಲ್ಲ. ಮಾತು ಬರೀ ಸರ್ಕಾರಿ ಕಾಡಿನದು.

ಸಾಮಿಲ್_ಸದ್ದು
ಸುಡಬೇಕು ಅಂತ ಯಾರು ಅಂದರು? ಸುಟ್ಟ ಮೇಲೆ ಏನು ಅನ್ನೋದು ಪ್ರಶ್ನೆ.

ಹೊಳೆದಂಡೆ
@ಬಿಸಿಬೇಳೆ, ನೀವು ಕೇಳಿದ್ದಕ್ಕೆ ಬರ್ತೀನಿ. "ಕಾಡು ಉಳಿಸಿ" ಅಂತ ಬರೆದ್ರೆ ಅವರು ಎಣಿಸಿ ಪಕ್ಕಕ್ಕಿಡ್ತಾರೆ. ಅವರು ಉತ್ತರ ಕೊಡಲೇಬೇಕಾದಂಥ ಪ್ರಶ್ನೆ ಕೇಳಿ. ಪ್ರಸ್ತಾಪದ ನಕ್ಷೆ ತೆಗೆದು ನೋಡಿ. ಕಡಿಯೋ ಜಾಗ ರಸ್ತೆಯಿಂದ ಎಷ್ಟು ದೂರ? ಆ ರಸ್ತೆಯಲ್ಲಿ ವಾಹನ ಓಡುತ್ತಾ? ಕಡಿದಾದ ಇಳಿಜಾರಿನಲ್ಲಿ ಎಳೀತಾರಾ, ಕೆಳಗೆ ಹೊಳೆ ಇದೆಯಾ? ಸುಟ್ಟ ನೆಲದ ಮಣ್ಣು ಮೊದಲ ಮಳೆಗೇ ಜಾರುತ್ತೆ, ಸಾಲ್ಮನ್ ಮೊಟ್ಟೆ ಇಡೋ ಜಲ್ಲಿ ಮೇಲೆ ಹೂಳು ಕೂರುತ್ತೆ. ಮರ ಸತ್ತಿದೆ ಅಂತ ಯಾರು, ಹೇಗೆ ನಿರ್ಧಾರ ಮಾಡ್ತಾರೆ? ಕಡಿದ ರೆಂಬೆಗಳನ್ನ ಏನು ಮಾಡ್ತಾರೆ, ಅದಕ್ಕೆ ದುಡ್ಡು ಇಟ್ಟಿದ್ದಾರಾ? ಬಂದಿರೋ ಮೊಳಕೆ ಎಣಿಸಿದ್ದಾರಾ? ನೀವು ಓಡಾಡಿರೋ ಜಾಗದ ಫೋಟೋ ಇದ್ರೆ ತಾರೀಕು ಸಮೇತ ಹಾಕಿ. ನಿಮ್ಮ ಮಾತಲ್ಲೇ ಬರೀರಿ, ರೆಡಿಮೇಡ್ ಪತ್ರ ಬೇಡ.

ಬೀವರ್ಟನ್_ಬಿಸಿಬೇಳೆ
ತುಂಬಾ ಉಪಕಾರ. ಶನಿವಾರ ನಕ್ಷೆ ಹಿಡ್ಕೊಂಡು ಕೂರ್ತೀನಿ. ಇನ್ನೊಂದು, ನಾನಿನ್ನೂ ಎಚ್‌1ಬಿ. ವೀಸಾದಲ್ಲಿರೋರು ಬರೀಬಹುದಾ?

ಹೊಳೆದಂಡೆ
ಬರೀಬಹುದು. ಇಂಥ ಅಭಿಪ್ರಾಯ ಕಳಿಸೋಕೆ ನಾಗರಿಕತ್ವ ಬೇಡ. ಆದ್ರೆ ನೀವು ಬರೆದದ್ದು, ನಿಮ್ಮ ಹೆಸರು, ಎರಡೂ ಸಾರ್ವಜನಿಕ ದಾಖಲೆ ಆಗುತ್ತೆ. ಫೋನ್ ನಂಬರ್, ಮನೆ ವಿಳಾಸ ಪತ್ರದೊಳಗೆ ಹಾಕಬೇಡಿ.

ಕಲ್ಲುಸಕ್ಕರೆ
ಹಾಗಾದ್ರೆ ನಾನೂ ಮೈಸೂರಿಂದ ಬರೀತೀನಿ, ಕಡೀಲಿ ಅಂತ 😄

ಸಾಮಿಲ್_ಸದ್ದು
ಬರೀರಿ, ಒಂದು ವೋಟಾದ್ರೂ ನನ್ನ ಕಡೆ ಬರಲಿ.

ಹೊಳೆದಂಡೆ
ಅದು ವೋಟ್ ಅಲ್ಲ ಅಂತ ಈಗ ತಾನೇ ಅಷ್ಟುದ್ದ ಬರೆದೆ!